ಗಡುವು ಹೇಳದ ಆಣೆ

ನಮ್ಮೂರಲ್ಲಿ ಒಂದು ಕಾಲಕ್ಕೆ ನಿಮ್ಮದು ಯಾವ ಪಕ್ಷ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ? ಇದ್ದದ್ದು ಒಂದೇ ಪಕ್ಷ. ಅಜ್ಜ ಹಾಕಿದ್ದಕ್ಕೆ ಅಪ್ಪ ಹಾಕುತ್ತಿದ್ದ, ಅಪ್ಪ ಹಾಕಿದ್ದಕ್ಕೆ ಅವ್ವ. ಸಿಂದಗಿ ತಾಲೂಕಿನ ತುದಿಯಲ್ಲಿ, ಇಂಡಿ ತಾಲೂಕಿನ ಕಡೆಗೆ ವಾಲಿಕೊಂಡಿದ್ದ ನಮ್ಮ ಊರಿನಲ್ಲಿ ಲಿಂಗವಂತರ ಓಣಿಯೂ ಮುಸಲ್ಮಾನರ ಓಣಿಯೂ ಅದಕ್ಕೇ ಮುದ್ರೆ ಒತ್ತಿ ಬರುತ್ತಿದ್ದವು. ಅದರಲ್ಲಿ ದೊಡ್ಡ ತತ್ವವೇನೂ ಇರಲಿಲ್ಲ, ರೂಢಿ ಅಷ್ಟೇ. ಆ ರೂಢಿಯನ್ನು ಹೊಗಳಲಿಕ್ಕೆ ನಾನು ಕೂತಿಲ್ಲ. ಆ ಪಕ್ಷದವರೂ ನಮಗೆ ಕೊಟ್ಟದ್ದು ಅರ್ಧ ಕಟ್ಟಿ ಬಿಟ್ಟ ಶಾಲೆಯನ್ನೇ. ಆದರೆ ಅದನ್ನು ಮುರಿದವರು ಯಾರ ತಲೆಯ ಮೇಲೆ ಇಟ್ಟು ಮುರಿದರು ಎನ್ನುವುದು ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಎತ್ತು. ಹಿತ್ತಿಲ ಗೋಡೆಯ ಆಚೆ ಕಾಕಾನ ಮನೆ, ಅಲ್ಲಿಯೂ ಒಂದೇ. ಕಾಕಾ ಎಂದರೆ ರಕ್ತಸಂಬಂಧದ ಕಾಕಾ ಅಲ್ಲ. ಅವನು ಮುಸಲ್ಮಾನ, ಅಪ್ಪನಿಗಿಂತ ಸ್ವಲ್ಪ ಚಿಕ್ಕವ, ಅಪ್ಪನನ್ನು ‘ಅಣ್ಣಾ’ ಎನ್ನುತ್ತಿದ್ದ, ಅದಕ್ಕೇ ನನಗೆ ಕಾಕಾ. ಅವನ ಹೆಂಡತಿ ಕಾಕಿ. ಜೋಡೆತ್ತು ಸಾಕುವಷ್ಟು ಹೊಲ ಎರಡೂ ಮನೆಗೆ ಇರಲಿಲ್ಲ. ಹಾಗಾಗಿ ಅಜ್ಜಂದಿರ ಕಾಲದಿಂದ ಎರಡು ಮನೆಯ ಎತ್ತನ್ನು ಕೂಡಿಸಿ ಹೂಡುವುದು ನಡೆದುಬಂದಿತ್ತು, ಒಂದು ದಿನ ನಮ್ಮ ಹೊಲಕ್ಕೆ, ಮರುದಿನ ಅವರ ಹೊಲಕ್ಕೆ. ನಮ್ಮದು ಯಾವಾಗಲೂ ಎಡಕ್ಕೆ, ಅವರದು ಬಲಕ್ಕೆ. ಹೋರಿಯಾಗಿದ್ದಾಗ ಯಾವ ಕಡೆಗೆ ನೊಗ ಹೊರಿಸಿ ಪಳಗಿಸಿದಿರೋ ಎತ್ತು ಸಾಯುವ ತನಕ ಅದೇ ಕಡೆಗೆ ನಡೆಯುತ್ತದೆ. ಬಿತ್ತುವಾಗ ಎತ್ತು ಹೊಡೆಯುವವರು ಅಪ್ಪ ಇಲ್ಲವೇ ಕಾಕಾ, ಹಿಂದೆ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವರು ಅವ್ವ ಮತ್ತು ಕಾಕಿ. ನಮ್ಮ ಎತ್ತು ಅವ್ವನ ಮದುವೆಯಲ್ಲಿ ಲಚ್ಯಾಣದ ತವರಿನವರು ಕೊಟ್ಟು ಕಳಿಸಿದ ಆಕಳ ಸಂತಾನ. ಅವ್ವ ಅದನ್ನು ‘ನನ್ನ ತವರಿಂದು’ ಎಂದೇ ಕರೆಯುತ್ತಿದ್ದಳು.

ಮತಗಟ್ಟೆ ಇದ್ದದ್ದು ಪಕ್ಕದ ಊರಲ್ಲಿ. ಓಟಿನ ದಿನ ಅದೇ ಎರಡು ಎತ್ತಿಗೆ ಗಾಡಿ ಕಟ್ಟಿ, ಎರಡೂ ಮನೆಯವರು ಒಂದೇ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ನನಗೆ ಓಟು ಇಲ್ಲದ ವಯಸ್ಸಿನಿಂದಲೂ ನಾನು ಆ ಗಾಡಿಯಲ್ಲಿ ಕೂತವಳು.

ಆಮೇಲೆ ಊರ ಸಾವಕಾರನಿಗೆ ಒಮ್ಮೆಲೇ ಜ್ಞಾನೋದಯವಾಯಿತು. ಊರ ನಡುವೆ ದೊಡ್ಡ ವಾಡೆ, ಬಾಗಿಲಿಗೆ ಜೀಪು, ಹಿಂದೆ ನಾಲ್ಕು ಮಂದಿ; ಅವನ ಮಾತೆಂದರೆ ಊರ ಮಾತು. ತೊಂಬತ್ತರ ದಶಕದ ಮೊದಲಿಗೆ ಅವನು ಹೆಗಲಿಗೆ ಹಸಿರು ಟವೆಲ್ಲು ಹಾಕಿಕೊಂಡು ‘ನಾವೆಲ್ಲಾ ರೈತರು, ನಮಗ ಬ್ಯಾರೆ ಪಕ್ಷ ಬೇಕು’ ಎಂದ. ಆಯಿತಪ್ಪ, ರೈತರು ಎಂದರೆ ಅದರಲ್ಲಿ ಕಾಕಾನೂ ಬಂದ, ನಾವೂ ಬಂದೆವು. ನಾಲ್ಕು ವರ್ಷ ಕಳೆಯಲಿಲ್ಲ, ಟವೆಲ್ಲು ಹೋಗಿ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬಂತು. ‘ನಮ್ಮ ಮಂದಿಗೆ ಅಪಮಾನ ಆಗೇತಿ, ನಮ್ಮ ಓಟು ನಮ್ಮವರಿಗೆ’ ಎಂದ. ನಮ್ಮವರು ಎಂದರೆ ಈಗ ಲಿಂಗವಂತರು ಮಾತ್ರ. ಕಾಕಾ ನಿನ್ನೆಯವರೆಗೂ ನಮ್ಮವನಾಗಿದ್ದ, ಆ ದಿನದಿಂದ ಆಗಲಿಲ್ಲ, ಇದನ್ನು ಯಾರೂ ಅವನನ್ನು ಕೇಳಿ ಮಾಡಲಿಲ್ಲ.

ಸಾವಕಾರ ಜಿಲ್ಲಾ ಪಂಚಾಯಿತಿಗೆ ನಿಂತ. ನಮ್ಮ ಹಳೆಯ ಪಕ್ಷದವರು ಅವನ ಎದುರಿಗೆ ಪಕ್ಕದ ಊರಿನ ಒಬ್ಬ ಮುಸಲ್ಮಾನ ವ್ಯಾಪಾರಿಗೆ ಟಿಕೀಟು ಕೊಟ್ಟರು. ಬಿದ್ದಿತು ನೋಡಿ ಬೆಂಕಿ! ಸಾವಕಾರ ಓಣಿಯ ಗಂಡಸರನ್ನೆಲ್ಲ ವಾಡೆಗೆ ಕರೆಸಿದ. ತಟ್ಟೆಯಲ್ಲಿ ವಿಭೂತಿ ಇಟ್ಟು ಒಬ್ಬೊಬ್ಬರಿಂದಲೂ ಮುಟ್ಟಿಸಿದ. ಓಟು ನಮ್ಮವರಿಗೇ, ಆ ಓಣಿಯವರ ಜೋಡಿ ಎತ್ತು ಇಲ್ಲ, ಗಾಡಿ ಇಲ್ಲ, ಮಾತಿಲ್ಲ, ಕತೆಯಿಲ್ಲ, ಇದು ಆಣೆ. ಉಳಿದವರೆಲ್ಲ ಮುಟ್ಟಿದರು, ಅಪ್ಪನೂ ಮುಟ್ಟಿದ. ಅಂಥ ಸಭೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವ ಎದೆ ಅಪ್ಪನದ್ದಾಗಿರಲಿಲ್ಲ, ಬಹಳ ಮಂದಿಯದ್ದು ಆಗಿರುವುದಿಲ್ಲ. ಹೆಂಗಸರನ್ನು ಯಾರೂ ಕರೆಯಲಿಲ್ಲ. ಹೆಂಗಸರ ಓಟೇನು, ಗಂಡ ಹೇಳಿದಲ್ಲಿ ಬೀಳುತ್ತದೆ ಎನ್ನುವುದು ಅವರ ಲೆಕ್ಕ.

ಇಡೀ ವಾಡೆಯಲ್ಲಿ ಒಬ್ಬನೂ ಒಂದು ಮಾತು ಕೇಳಲಿಲ್ಲ: ಈ ಆಣೆ ಎಲ್ಲಿಯ ತನಕ? ಎಲೆಕ್ಷನ್ ಮುಗಿಯುವ ತನಕವೋ, ಸಾಯುವ ತನಕವೋ? ಬುದ್ಧಿವಂತರು ತಾವೇ ಒಂದು ಗಡುವು ಹಾಕಿಕೊಂಡರು, ಎಣಿಕೆ ಮುಗಿದ ಮರುದಿನವೇ ಮುಸಲ್ಮಾನರ ಓಣಿಯಲ್ಲಿ ಚಹಾ ಕುಡಿಯುತ್ತಿದ್ದರು. ಅಪ್ಪ ಅಂಥ ಬುದ್ಧಿವಂತನಲ್ಲ. ಮುಟ್ಟಿದ್ದು ವಿಭೂತಿ, ಅದಕ್ಕೆ ಗಡುವು ಹೇಳಿಲ್ಲ, ಹೇಳಿಲ್ಲ ಎಂದರೆ ಇಲ್ಲ.

ಓಟಿನ ದಿನ ಗಾಡಿ ಹೂಡಲಿಲ್ಲ. ಒಂದೆತ್ತಿನಿಂದ ಗಾಡಿ ಹೂಡುವುದು ಹೇಗೆ? ಅಪ್ಪ ರಸ್ತೆಯ ಈ ಬದಿಗೆ, ಕಾಕಾ ಆ ಬದಿಗೆ, ಇಬ್ಬರೂ ಬಿಸಿಲಲ್ಲಿ ಕಾಲೆಳೆಯುತ್ತ ಹೋಗಿ ಬಂದರಂತೆ. ಅವ್ವ ಮತ್ತು ಕಾಕಿ ಮಾತ್ರ ಹಿಂದೆ ಮಾತಾಡುತ್ತ ಹೋದರಂತೆ. ನಾನು ಆಗ ಮುದ್ದೇಬಿಹಾಳದಲ್ಲಿ ಗಂಡನ ಮನೆಯಲ್ಲಿದ್ದೆ. ಅಲ್ಲಿಯೂ ಅದೇ ಹಾಡು. ನನ್ನ ಮಾವ, ಜನ್ಮದಲ್ಲಿ ಯಾರ ಜಾತಿಯನ್ನೂ ಕೇಳದ ಮನುಷ್ಯ, ಲಿಂಗವಂತರೊಳಗೇ ನಮ್ಮ ಒಳಪಂಗಡ ಯಾವುದು, ಅಭ್ಯರ್ಥಿಯದು ಯಾವುದು ಎಂದು ಬೆರಳು ಮಡಿಸುವುದನ್ನು ಕಲಿತಿದ್ದರು. ತವರಿಗೆ ಹೊರಟವಳು ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಲು ಕೂತಾಗ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಬಿಳಿ ಅಂಗಿಯವರು, ‘ಇಂಡ್ಯಾಗ ನಮ್ಮವರು ಭಾಳ, ಸಿಂದಗ್ಯಾಗ ಅವರು ಭಾಳ’ ಎಂದು ಸಂತೆಯ ಕುರಿ ಎಣಿಸಿದ ಹಾಗೆ ಎಣಿಸುತ್ತಿದ್ದರು. ಜಾತಿ ಕೇಳಬೇಡಿ ಎಂದು ಊರೂರಿಗೆ ಹೇಳಿದ ಮಹಾನುಭಾವ ಹುಟ್ಟಿದ ಊರು ಅದು! ನಾಚಿಕೆ ಎನ್ನುವುದು ಆ ಬಸ್‌ಸ್ಟ್ಯಾಂಡಿನ ನಳಕ್ಕಿಂತ ಮೊದಲೇ ಬತ್ತಿಹೋಗಿತ್ತು.

ಸಾವಕಾರ ಗೆದ್ದ. ನಾನು ಚೊಚ್ಚಲ ಬಸುರಿ, ಕುಬಸದ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಬಂದೆ. ಬಸ್ಸಿಳಿದ ಕೂಡಲೇ ಎದುರಿಗೆ ಬಂದು ಚೀಲ ಕಸಿದುಕೊಳ್ಳುತ್ತಿದ್ದ ಕಾಕಾ ಆ ಸಲ ತನ್ನ ಕಟ್ಟೆಯ ಮೇಲೆಯೇ ಕೂತಿದ್ದ. ನಾನೇ ಹೋಗಿ ಎದುರಿಗೆ ನಿಂತೆ.

‘ಯಾಕ ಕಾಕಾ, ಮಾತಾಡ್ಸಾಂಗಿಲ್ಲೇನು?’

‘ನಿನಗೇನೂ ಅನ್ನೂದಿಲ್ಲವ ನನ್ನ ಮಗಳ,’ ಎಂದ. ‘ನಿಮ್ಮಪ್ಪ ಮಾತಾಡ್ಸೂ ತನಕ ನಾನಾಗಿ ಮಾತಾಡ್ಸಂಗಿಲ್ಲ. ನಾ ಅವಗ ಏನು ಮಾಡೇನಿ, ಹೇಳು?’

ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. ಅಪ್ಪ ಎಲೆಯಡಿಕೆ ಮೆಲ್ಲುತ್ತ ಕೇಳಿಸಿಕೊಂಡು, ‘ವಿಭೂತಿ ಮುಟ್ಟೇನಿ’ ಎಂದಷ್ಟೇ ಹೇಳಿದ.

ಉತ್ತರಿ ಮಳೆ ಹದವಾಗಿ ಬಿದ್ದಿತು. ನಮ್ಮ ಎರೆಹೊಲ ಹಿಂಗಾರಿಯಲ್ಲಿ ಬಹಳ ದಿನ ಕಾಯುವುದಿಲ್ಲ. ಹಸಿ ಆರುವುದರೊಳಗೆ ಜೋಳ ಬಿತ್ತಬೇಕು, ತಪ್ಪಿದರೆ ವರ್ಷದ ರೊಟ್ಟಿ ತಪ್ಪಿತು. ಅಪ್ಪನಿಗೆ ಜೋಡಿ ಇಲ್ಲ, ಕಾಕಾನಿಗೂ ಇಲ್ಲ. ಆಗ ಸಾವಕಾರನ ಕಡೆಯವರು ದೊಡ್ಡ ಉಪಕಾರ ಮಾಡುವವರ ಹಾಗೆ ನಮ್ಮ ಓಣಿಯದೇ ಒಂದು ಮನೆಯ ಎತ್ತನ್ನು ತಂದು ಅಪ್ಪನ ಬಾಗಿಲಿಗೆ ಕಟ್ಟಿದರು. ‘ತಗೋ, ನಮ್ಮವರ ಎತ್ತು. ಇನ್ನ ಆ ಓಣಿ ಹಂಗ ನಿನಗ್ಯಾಕ?’ ಎಂದರು.

ಅದು ಕೂಡ ಎಡಕ್ಕೆ ಪಳಗಿದ ಎತ್ತು.

ಯಾರೂ ಕೇಳಿರಲಿಲ್ಲ. ಜಾತಿ ಸರಿಯಿದೆಯೋ ಎಂದು ನೋಡಿದರು, ಯಾವ ಕಡೆಯ ಎತ್ತು ಎಂದು ನೋಡಲಿಲ್ಲ. ಮೂರು ತಲೆಮಾರಿನಿಂದ ಹೊಲ ಉಳುತ್ತ ಬಂದ ಮಂದಿ! ಅಪ್ಪ ಅದನ್ನು ಬಲಕ್ಕೆ ಹೂಡಿದ. ಅದು ನೊಗದಡಿ ನುಸುಳಿ ಎಡಕ್ಕೇ ಬರುವುದು, ನಮ್ಮದು ಅದನ್ನು ಹಾಯುವುದು, ಕೂರಿಗೆ ಹಾವು ಹರಿದ ಹಾಗೆ ಹರಿಯುವುದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಗಾದೆಯನ್ನು ಆವತ್ತು ಕಣ್ಣಾರೆ ಕಂಡೆ. ಒಂದು ಸಾಲು ಇನ್ನೊಂದು ಸಾಲಿನ ಮೇಲೆ ಬಿತ್ತು, ನಡುವೆ ಮಾರುದ್ದ ಬೀಜವಿಲ್ಲದ ನೆಲ. ಬಟ್ಟಲಿಗೆ ಬೀಜ ಬಿಡುತ್ತಿದ್ದ ಅವ್ವ ಕಾಳಿನ ಉಡಿಯನ್ನು ಅಲ್ಲಿಯೇ ಕೊಡವಿ, ‘ಇದು ಬಿತ್ತಗಿ ಅಲ್ಲ, ಹೊಲದ ಮಾರಿ ಕೆಡಸೂದು’ ಎಂದು ಮನೆಗೆ ನಡೆದುಬಂದಳು.

ಅದೇ ವಾರ ಇಂಡಿಯ ಸಂತೆಯಿಂದ ಬಂದವರು ಸುದ್ದಿ ತಂದರು. ಸಾವಕಾರ ತನ್ನ ಗುಂಪು ಕಟ್ಟಿಕೊಂಡು ನಮ್ಮ ಹಳೆಯ ಪಕ್ಷಕ್ಕೆ ವಾಪಸು ಹೋಗಿದ್ದಾನೆ! ಬಿಜಾಪುರದಲ್ಲಿ ಯಾವುದೋ ಕುರ್ಚಿ ಕೊಡುತ್ತಾರಂತೆ. ಯಾವ ಮುಸಲ್ಮಾನ ವ್ಯಾಪಾರಿಯ ವಿರುದ್ಧ ನಮ್ಮಪ್ಪನಿಂದ ವಿಭೂತಿ ಮುಟ್ಟಿಸಿದ್ದನೋ ಅವನದೇ ಪಕ್ಕದಲ್ಲಿ ಜೀಪಿನಲ್ಲಿ ನಿಂತು, ಇಬ್ಬರ ಕೊರಳಿಗೂ ಒಂದೇ ಹಾರ ಹಾಕಿಸಿಕೊಂಡು ಮೆರವಣಿಗೆ ಹೋದನಂತೆ. ಗೆದ್ದು ಆರು ತಿಂಗಳು ತುಂಬಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಆ ಸುದ್ದಿ ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ಎದ್ದು ನಿಂತೆ. ‘ಅಪ್ಪಾ, ಆಣಿ ಹಾಕ್ಸಿದಾವ್ನ ಆ ಕಡೆ ಹೋಗ್ಯಾನ. ಇನ್ನ ನಿಂದೇನು?’

‘ಅಂವ ಪಕ್ಷ ಬಿಟ್ಟಾನವ. ನಾ ಮುಟ್ಟಿದ್ದು ಪಕ್ಷ ಅಲ್ಲ, ವಿಭೂತಿ. ಹಾಕ್ಸಿದವ್ರ ಬಿಡಸ್ಬೇಕು.’

ಬಿಡಿಸಿಕೊಳ್ಳಲು ವಾಡೆಗೂ ಹೋಗಿ ಬಂದ, ಪಾಪ. ಸಾಹೇಬರು ಬಿಜಾಪುರದಲ್ಲಿದ್ದಾರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ನಿಂತು ಹಿಂದಿರುಗಿದ. ಹೊಲದಲ್ಲಿ ಹಸಿ ಆರುತ್ತಿತ್ತು.

ಮರುದಿನ ಬೆಳಿಗ್ಗೆ ಅವ್ವ ಸೀರೆಯ ಕಚ್ಚೆ ಬಿಗಿದು ಕೊಟ್ಟಿಗೆಗೆ ಹೋದಳು. ನಮ್ಮ ಎತ್ತಿನ ಹಗ್ಗ ಬಿಚ್ಚಿದಳು. ಅಪ್ಪ ಅಂಗಳದಲ್ಲಿ ಕೂತಿದ್ದ.

‘ಎಲ್ಲಿಗಿ?’

‘ಗ್ವಾಡಿ ಆಚೀಕ.’

‘ಏ, ಆಣಿ ಐತಿ!’

‘ಯಾರದು?’ ಅವ್ವನ ದನಿಗೆ ಓಣಿಯವರು ಹೊರಗೆ ಬಂದರು. ‘ನನ್ನ ಯಾರರ ಕರದಿದ್ರೇನು ಆ ವಾಡೇಕ? ನನ್ನ ಕೈಲೆ ಮುಟ್ಟಸ್ಯಾರೇನು? ಆಣಿ ನಿಮ್ದು, ಎತ್ತು ನನ್ನ ತವರಿಂದು. ಕೂಳು ಬೇಕಂದ್ರ ಸುಮ್ಮ ಕೂಡ್ರಿ.’

ಹಾಗೆಂದು ಎತ್ತು ಹಿಡಿದುಕೊಂಡು ಕಾಕಾನ ಅಂಗಳಕ್ಕೆ ನಡೆದೇಬಿಟ್ಟಳು. ನಾನೂ ಹಿಂದೆ ಹೋದೆ. ಕಾಕಿ ಆಗಲೇ ಕೂರಿಗೆ ಹೊರಗೆ ತಂದು ಇಟ್ಟಿದ್ದಳು. ಇಬ್ಬರೂ ನೀರಿನ ಕಡೆ ಭೆಟ್ಟಿಯಾದಾಗ ಮಾತಾಡಿಕೊಂಡಿರಬೇಕು. ಕಾಕಾ ಒಂದು ಗಳಿಗೆ ಎತ್ತಿನ ಮುಖ ನೋಡಿದ, ಇನ್ನೊಂದು ಗಳಿಗೆ ಅವ್ವನ ಮುಖ ನೋಡಿದ.

‘ವೈನಿ, ಅಣ್ಣ ಹೇಳಿ ಕಳಿಸ್ಯಾನೇನ್ರಿ?’

‘ಇಲ್ಲ. ಎತ್ತು ಹೇಳಿ ಕಳಿಸೇತಿ. ಹೂಡೋ ಮಾರಾಯಾ, ಹೊತ್ತು ಏರಾಕತ್ತೈತಿ.’

ಕಾಕಾ ಹೂಡಿದ. ಎರಡೂ ಎತ್ತು ತಮ್ಮ ತಮ್ಮ ಕಡೆಗೆ ತಾವೇ ಹೋಗಿ ನಿಂತವು. ಆ ದಿನ ನಮ್ಮ ಹೊಲ, ಮರುದಿನ ಅವರದು. ಕೆಟ್ಟ ಸಾಲುಗಳನ್ನು ಅಳಿಸಿ ಮತ್ತೆ ಬಿತ್ತಿದರು. ಅಪ್ಪ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ, ಆದರೆ ಕೂರಿಗೆ ತಿರುವಿಗೆ ಬಂದಾಗಲೆಲ್ಲ ಅವನ ಕಿವಿ ಇತ್ತ ಇರುವುದು ನನಗೆ ಕಾಣುತ್ತಿತ್ತು. ಊರಲ್ಲಿ ನಕ್ಕರು, ಹೆಂಗಸು ಗಂಡನ ಮಾತು ಮೀರಿದಳು ಎಂದರು. ನಗುವವರ ಬಾಯಲ್ಲಿ ಮಣ್ಣು ಬೀಳಲಿ, ನಮ್ಮ ಹೊಲದಲ್ಲಿ ಜೋಳ ಬಂತು. ನನ್ನ ಮಗಳು ಹುಟ್ಟಿದಾಗ ಎಣ್ಣೆ ಹಚ್ಚಿ ಎರೆದವಳು ಕಾಕಿಯೇ.

ಎತ್ತು ಕೂಡಿದವು, ಆದರೆ ಅವರಿಬ್ಬರ ಮಾತು ಕೂಡಲಿಲ್ಲ. ವರ್ಷ ವರ್ಷವೂ ಅವ್ವನೇ ಎತ್ತು ಒಯ್ಯುವುದು, ಕಾಕಾ ಹೊಡೆಯುವುದು. ಅದರ ಋಣಕ್ಕೆ ಅಪ್ಪ ಕಾಕಾ ಇಲ್ಲದ ಹೊತ್ತು ನೋಡಿ ಅವನ ಹೊಲದ ಒಡ್ಡು ಕಟ್ಟಿ ಬರುತ್ತಿದ್ದ. ಮಾತಾಡುವ ಪ್ರಸಂಗ ಬಂದರೆ ನಡುವೆ ಅವ್ವ ನಿಲ್ಲಬೇಕು. ಅಪ್ಪ ಗೋಡೆಯ ಈಚೆಯಿಂದ, ‘ಅವಗ ಹೇಳು, ನಾಳಿ ಹೊಲಕ್ಕ ಎಡಿಕುಂಟಿ ಹೊಡೀಬೇಕಂತ’ ಎನ್ನುವನು. ಗೋಡೆಯ ಆಚೆಯಿಂದ ಕಾಕಾ, ‘ವೈನಿ, ಅವರಿಗಿ ಹೇಳ್ರಿ, ಎತ್ತಿನ ಲಾಳ ಸವದೈತಂತ’ ಎನ್ನುವನು. ಎರಡೂ ಮಾತು ಎಲ್ಲರಿಗೂ ಕೇಳಿಸುತ್ತಿದ್ದವು, ಅವ್ವ ಸುಮ್ಮನೆ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ನಾನು ತವರಿಗೆ ಬಂದಾಗ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗು ಬರುವುದು ನಿಂತಿತು.

ಅತ್ತ ಸಾವಕಾರನ ಪಯಣ ನಡೆದೇ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೂರನೆಯ ಪಕ್ಷಕ್ಕೆ ಹೋದ. ಹಣೆಗೆ ವಿಭೂತಿಯ ಜೊತೆ ಉದ್ದನೆಯ ಕುಂಕುಮ ಬಂತು, ‘ನಾವೆಲ್ಲಾ ಹಿಂದೂಗಳು’ ಎಂದ. ಅಲ್ಲಿ ಬೇಕಾದದ್ದು ಸಿಗಲಿಲ್ಲ. ‘ನಮ್ಮ ಒಳಪಂಗಡಕ್ಕೆ ಅನ್ಯಾಯ ಆತು’ ಎಂದು ಹೊರಗೆ ಬಂದ. ಪ್ರತಿ ಸಲವೂ ನಮ್ಮ ಓಣಿಯ ಗೋಡೆಗೆ ಸುಣ್ಣ ಹೊಡೆದು ಹೊಸ ಗುರುತು ಬರೆಸುತ್ತಿದ್ದ, ಹಳೆಯದು ಸುಣ್ಣದ ಕೆಳಗಿಂದ ಇಣುಕುತ್ತಿತ್ತು. ಮಂದಿಯೂ ಅದನ್ನು ಕಂಡೂ ಕಾಣದವರ ಹಾಗೆ ಅವನ ಹಿಂದೆ ಹೋದರು. ನನಗೆ ಸಾವಕಾರನ ಮೇಲೆ ಎಷ್ಟು ಸಿಟ್ಟೋ ಅವರ ಮೇಲೂ ಅಷ್ಟೇ ಸಿಟ್ಟು. ಥೂ, ಒಬ್ಬನಾದರೂ ‘ಹೋದ ಸಲ ಏನಂದಿದ್ರಿ ಧಣಿ’ ಎಂದು ಕೇಳಬಾರದಿತ್ತೇ?

ಆ ಹೊತ್ತಿಗೆ ಅವ್ವನ ತವರಿನ ಎತ್ತು ಸತ್ತಿತ್ತು. ಬಿತ್ತಲು ಊರಿಗೆ ಬಾಡಿಗೆಯ ಟ್ರ್ಯಾಕ್ಟರು ಬಂದಿತ್ತು. ಕಾಕಾ ಮುದಿಯಾದ ತನ್ನ ಎತ್ತನ್ನು ಸುಮ್ಮನೆ ಕಟ್ಟಿಕೊಂಡು ಮೇಯಿಸುತ್ತಿದ್ದ. ಇಬ್ಬರೂ ಒಂದೇ ಹೊಲದಲ್ಲಿ ಕಾಲಿಡುವ ನೆಪವೂ ಮುಗಿದಿತ್ತು. ಈ ಇಬ್ಬರು ಹೀಗೆಯೇ ಮಾತಿಲ್ಲದೆ ಮಣ್ಣಿಗೆ ಹೋಗುತ್ತಾರೇನೋ ಎಂದು ನನಗೆ ಒಳಗೊಳಗೇ ದಿಗಿಲು.

ಅಂಥದರಲ್ಲಿ ನಾನು ತವರಿಗೆ ಬಂದಿದ್ದ ಒಂದು ರಂಜಾನಿನ ಸಂಜೆ ಸಾವಕಾರ ಪಕ್ಕದ ಮುಸಲ್ಮಾನರ ಓಣಿಗೆ ಬಂದ, ತಲೆಯ ಮೇಲೆ ಜಾಳಿಗೆಯ ಟೊಪ್ಪಿಗೆ ಹಾಕಿಕೊಂಡು. ಮತ್ತೆ ಹಳೆಯ ಪಕ್ಷ, ಮತ್ತೆ ಎಲೆಕ್ಷನ್, ಈ ಸಲ ಆ ಓಣಿಯ ಓಟು ಬೇಕು. ಕಾಕಾನ ಅಂಗಳ ದೊಡ್ಡದು ಎಂದು ಅಲ್ಲಿಯೇ ಜಮಖಾನೆ ಹಾಸಿ, ಉಪವಾಸ ಬಿಡುವವರಿಗೆಂದು ಖರ್ಜೂರ, ಹಣ್ಣು ತರಿಸಿದ್ದ. ಕಾಕಾನನ್ನು ಕೇಳಿದವರಿಲ್ಲ. ಮನೆಗೆ ಬಂದವರನ್ನು ಹೊರಗೆ ಹಾಕುವ ಜಾಯಮಾನ ಕಾಕಾನದ್ದಲ್ಲ.

ಸಾವಕಾರ ನಮ್ಮ ಮನೆಗೂ ಆಳು ಕಳಿಸಿದ. ಹಿಂದೂ ಮುಸಲ್ಮಾನರು ಒಂದೇ ಜಮಖಾನೆಯ ಮೇಲೆ ಕೂತದ್ದು ಕಾಣಬೇಕಲ್ಲ! ಅಪ್ಪ ಎದ್ದ. ಅವ್ವನೂ ನಾನೂ ಬೆನ್ನ ಹಿಂದೆ ನಡೆದೆವು. ಅಷ್ಟು ವರ್ಷದ ಮೇಲೆ ಅಪ್ಪ ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು, ಅದೂ ಆಣೆ ಹಾಕಿಸಿದವನೇ ಕರೆದಿದ್ದಾನೆ ಎಂದು. ಅವನು ಜಮಖಾನೆಯ ಅಂಚಿನಲ್ಲಿ ನಿಂತ, ಕೂಡಲಿಲ್ಲ.

‘ಬಾ, ಬಾ, ಇಲ್ಲೇ ಕೂಡು ನನ್ನ ಬಾಜೂಕ,’ ಎಂದ ಸಾವಕಾರ. ‘ನಾವು ನೀವು ಇವರು, ಎಲ್ಲಾ ಒಂದ.’

‘ಕೂಡ್ತೇನ್ರಿ,’ ಎಂದ ಅಪ್ಪ. ‘ಮೊದಲ ಆಣಿ ಬಿಡಸ್ರಿ.’

‘ಯಾವ ಆಣಿ?’

‘ನಿಮ್ಮ ವಾಡ್ಯಾಗ ವಿಭೂತಿ ಮುಟ್ಟಿಸಿದ್ರಲ್ಲಾ. ಇವನ ಜೋಡಿ ಎತ್ತಿಲ್ಲ, ಗಾಡಿಯಿಲ್ಲ, ಮಾತಿಲ್ಲ ಅಂತ.’

ಸಾವಕಾರನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಅವನು ನಕ್ಕ. ಹೊಟ್ಟೆ ಕುಣಿಸಿ ನಕ್ಕ. ‘ಅಯ್ಯ ನಿನ್ನ! ಅದನ್ನ ಇನ್ನೂ ಹಿಡಕೊಂಡ ಕುಂತೀಯೇನೋ? ಎಲೆಕ್ಷನ್ ಮಾತೋ ಅದು! ಅವತ್ತ ಮುಗೀತದು!’ ಎಂದು ಹಿಂದಿನವರ ಮುಖ ನೋಡಿದ, ಅವರೂ ನಕ್ಕರು.

ಅಪ್ಪನ ಮುಖವನ್ನು ನಾನು ಅವತ್ತು ನೋಡಬಾರದಿತ್ತು. ನಾನು ಬಾಯಿಗೆ ಬಂದದ್ದನ್ನು ಬೈಯಲು ಮುಂದೆ ಹೆಜ್ಜೆ ಇಟ್ಟೆ. ಅದಕ್ಕೂ ಮೊದಲೇ ಕಾಕಾ ಎದ್ದು ನಿಂತಿದ್ದ.

‘ಸಾವಕಾರ್ರ, ಆ ಟೊಪಗಿ ತಗೀರಿ,’ ಎಂದ. ದನಿ ಏರಿಸಲಿಲ್ಲ. ‘ಇವತ್ತಿನ ಮಾತು ಯಾವತ್ತ ಮುಗೀತದ ಅಂತ ನಮಗೂ ಗೊತ್ತಿಲ್ಲ. ನಮ್ಮ ಅಂಗಳದಾಗ ಅದನ್ನ ಹಾಕ್ಕೊಂಡು ಕೂಡಬ್ಯಾಡ್ರಿ. ನಡೀರಿ.’

ಜೀಪು ಧೂಳೆಬ್ಬಿಸಿ ಹೋಯಿತು. ಆ ಸಲ ಅವನು ಬಿದ್ದನೇನು? ಎಲ್ಲಿಯ ಮಾತು, ಗೆದ್ದ. ನಮ್ಮ ಎರಡೂ ಓಣಿಯವರೇ ಹಾಕಿ ಗೆಲ್ಲಿಸಿದರು. ಅದು ಬೇರೆ ಮಾತು.

ಜಮಖಾನೆಯವರೂ ಚದುರಿದ ಮೇಲೆ ಅಂಗಳದಲ್ಲಿ ನಾವು ನಾಲ್ಕೈದು ಮಂದಿ ಉಳಿದೆವು. ಅಪ್ಪ ಒಂದು ಕಡೆ, ಕಾಕಾ ಒಂದು ಕಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಆಣೆ ಮುಗಿದಿತ್ತು, ಹಾಕಿಸಿದವನ ಬಾಯಿಂದಲೇ ಮುಗಿದಿತ್ತು. ಮುದಿ ಎತ್ತು ಗೋಡೆಯ ಪಕ್ಕ ಮೇವು ಮೆಲ್ಲುತ್ತಿತ್ತು. ಅಪ್ಪ ಅವ್ವನ ಕಡೆಗೆ ತಿರುಗಿದ.

‘ಅವಗ ಹೇಳು, ಚಾ ಕುಡ್ಯಾಕ ಮನೀಗಿ ಬಾ ಅಂತ.’

‘ನೀವ ಹೇಳ್ರಿ!’ ಅವ್ವನ ಕಣ್ಣಲ್ಲಿ ನೀರು ಬಂದಿತ್ತು. ‘ಎದ್ರಿಗೆ ನಿಂತಾನ. ನಿಮಗ ಬಾಯಿಲ್ಲೇನು?’

ಅಪ್ಪ ಕಾಕಾನ ಕಡೆಗೆ ತಿರುಗಿದ, ಬಾಯಿ ತೆರೆದ. ಕಾಕಾ ತಲೆ ಬಗ್ಗಿಸಿ ಕಾಯುತ್ತ ನಿಂತ. ಅಪ್ಪನ ತುಟಿ ಅಲುಗಿದವು, ‘ತಮ್ಮಾ’ ಎನ್ನುವಷ್ಟಕ್ಕೂ ದನಿ ಬರಲಿಲ್ಲ. ಕಡೆಗೆ ಅವನು ಮತ್ತೆ ಅವ್ವನ ಕಡೆಗೇ ತಿರುಗಿ ಮೆಲ್ಲಗೆ, ‘ನೀನ ಹೇಳು’ ಎಂದ.